ಸೇಡಂ ರಸ್ತೆಯ ಆಫೀಸಿಗೆ ಬಂದ ‘ಬ್ರೇಕೌಟ್ ಪ್ಯಾಕೇಜ್’: ಮರಗೆಲಸಕ್ಕೆ ಒಳ್ಳೆ ಅಂಕ, ನಕ್ಷೆಗೆ ಕಡಿಮೆ ಅಂಕ

ಕಲಬುರಗಿಯ ಫರ್ನಿಚರ್ ಷೋರೂಮ್‌ನವರು ಈಗ ಬರೀ ಟೇಬಲ್-ಕುರ್ಚಿ ಮಾರಿ ಸುಮ್ಮನಾಗುವುದಿಲ್ಲ. ಬಂದು ಅಳತೆ ತಗೊಂಡು, ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ತೋರಿಸಿ, ಊಟದ ಹಾಲ್, ಪ್ಯಾಂಟ್ರಿ, ಮೀಟಿಂಗ್ ರೂಮ್, ಸೀಲಿಂಗ್, ಲೈಟು ಎಲ್ಲ ಸೇರಿಸಿ ಒಂದೇ ಕೊಟೇಷನ್ ಕೊಡುತ್ತಾರೆ. ಸೇಡಂ ರಸ್ತೆ ಕಡೆಯ, ನಲವತ್ತು ಜನ ಕೆಲಸ ಮಾಡುವ ಒಂದು ಆಫೀಸಿಗೆ ಹಾಕಿಕೊಟ್ಟ ಅಂಥದೊಂದು ‘ಬ್ರೇಕೌಟ್’ (ಊಟ-ವಿರಾಮದ ಜಾಗದ) ಪ್ಯಾಕೇಜಿನ ವಿಮರ್ಶೆ ಇದು. ಅಂಗಡಿಯ ಹೆಸರು ಬರೆದಿಲ್ಲ. ಇದೇ ಸಾಮಾನು, ಇದೇ ನಕ್ಷೆ ಊರಿನ ಬೇರೆ ಷೋರೂಮ್‌ಗಳಲ್ಲೂ ಸಿಗುತ್ತದೆ, ತಪ್ಪುಗಳೂ ಹೆಚ್ಚುಕಡಿಮೆ ಇವೇ.

ಜಾಗದ ಲೆಕ್ಕ ಹೀಗಿದೆ. ಮೊದಲ ಮಹಡಿ, ಮೇಲೆ ಬಯಲು ತಾರಸಿ. ಊಟದ ಹಾಲ್ 24 ಅಡಿ ಉದ್ದ, 20 ಅಡಿ ಅಗಲ; ಪಕ್ಕದಲ್ಲಿ 15 × 12ರ ಮೀಟಿಂಗ್ ರೂಮ್; ಎರಡಕ್ಕೂ 10 ಅಡಿ ಎತ್ತರ. ಪ್ಯಾಕೇಜಿನಲ್ಲಿ ಬಂದದ್ದು: 5 × 2.5 ಅಡಿಯ ಊಟದ ಟೇಬಲ್‌ಗಳು, ಒಂದರ ಮೇಲೊಂದು ಪೇರಿಸಿಡಬಹುದಾದ ಪ್ಲಾಸ್ಟಿಕ್ ಕುರ್ಚಿಗಳು, ಕಿಟಕಿ ಪಕ್ಕಕ್ಕೆ ಬಾರ್ ಕೌಂಟರ್ ಮತ್ತು ಐದು ಸ್ಟೂಲ್, ಎಲ್ ಆಕಾರದ ಸೋಫಾ, ಸಿಂಕ್ ಇರುವ ಪ್ಯಾಂಟ್ರಿ, ಪಿಒಪಿ ಫಾಲ್ಸ್ ಸೀಲಿಂಗ್. ಮೀಟಿಂಗ್ ರೂಮಿಗೆ 8 × 4ರ ಟೇಬಲ್, ಎಂಟು ಗಾಲಿ ಕುರ್ಚಿ, 55 ಇಂಚಿನ ಟಿವಿ, ಗಾಜಿನ ಬೋರ್ಡ್, ಗಾಜಿನ ಪಾರ್ಟಿಷನ್. ಗೋಡೆಗೆ ಕಾಫಿ ಕಪ್ಪಿನ ಸ್ಟಿಕ್ಕರ್ ಮತ್ತು ಕಷ್ಟಪಟ್ಟರೆ ಫಲವುಂಟು ಎಂಬರ್ಥದ ಇಂಗ್ಲಿಷ್ ಘೋಷಣೆ ಉಚಿತ. ಚಹಾ ಕುಡಿಯುವ ಆಫೀಸಿಗೆ ಕಾಫಿ ಕಪ್ಪು ಯಾಕೆ ಅಂತ ಯಾರೂ ಕೇಳಿದಂತಿಲ್ಲ.

ಅಂಕ ಮೊದಲೇ ಹೇಳಿಬಿಡುತ್ತೇವೆ. ಮರಗೆಲಸ ಮತ್ತು ಫಿಟಿಂಗಿಗೆ ಐದಕ್ಕೆ ನಾಲ್ಕು. ಮೀಟಿಂಗ್ ರೂಮಿಗೆ ಮೂರು. ಊಟದ ಹಾಲಿನ ನಕ್ಷೆಗೆ ಎರಡು, ಅದೂ ಕುರ್ಚಿಗಳ ಮುಖ ನೋಡಿ. ನೀರು, ಕರೆಂಟು, ಸದ್ದು ಮೂರನ್ನೂ ಕೊನೆಗೆ ನೋಡಿಕೊಳ್ಳೋಣ ಅಂತ ಬಿಟ್ಟು ಸೋಫಾ ಬಣ್ಣದಿಂದ ಶುರುಮಾಡಿದ್ದೇ ಎಲ್ಲ ತೊಂದರೆಯ ಮೂಲ.

ಊಟದ ಟೇಬಲ್ಲಿನಿಂದಲೇ ನೋಡೋಣ. ಕ್ಯಾಟಲಾಗಿನ ಪ್ರಕಾರ 5 × 2.5 ಅಡಿ ನಾಲ್ಕು ಜನಕ್ಕೆ ಸಾಕು. ಒಬ್ಬರಿಗೆ 24 ಇಂಚು ಅಗಲ ಬೇಕು, ಇಲ್ಲಿ 30 ಇಂಚು ಸಿಗುತ್ತದೆ. ಅಗಲದ ಲೆಕ್ಕ ಸರಿಯೇ. ಆದರೆ ಇಲ್ಲಿ ಊಟ ಹೇಗೆ ನಡೆಯುತ್ತದೆ ನೋಡಿ: ಎಲ್ಲರೂ ಬುತ್ತಿ ಬಿಚ್ಚಿ ಪಲ್ಯದ ಡಬ್ಬಿ ನಡುವೆ ಇಡುತ್ತಾರೆ. ಒಬ್ಬರ ಎಣ್ಣೆಗಾಯಿ, ಇನ್ನೊಬ್ಬರ ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರಿನ ಡಬ್ಬಿ, ಮೇಲೆ ರೊಟ್ಟಿಯ ಗಂಟು. ಎದುರುಬದರು ಎರಡು ತಾಟು ಇಟ್ಟರೆ ತಾಟಿಗೆ 11 ಇಂಚಿನಂತೆ 22 ಇಂಚು ಹೋಯಿತು. 30 ಇಂಚಿನ ಟೇಬಲ್ಲಿನಲ್ಲಿ ನಡುವೆ ಉಳಿಯುವುದು 8 ಇಂಚು. ಅಷ್ಟರಲ್ಲಿ ಒಂದು ಸಾಲು ಡಬ್ಬಿ ಹಿಡಿಸೀತು, ಜೋಳದ ರೊಟ್ಟಿ ಬಿಚ್ಚಿಡಲು ಆಗುವುದಿಲ್ಲ. ಟೇಬಲ್ 3 ಅಡಿ ಅಗಲವಿದ್ದರೆ ನಡುವೆ 14 ಇಂಚು ಸಿಗುತ್ತದೆ, ಅಲ್ಲಿಗೆ ಎಲ್ಲ ಸಲೀಸು. ಆರಿಂಚಿನ ವ್ಯತ್ಯಾಸ, ಪ್ಲೈವುಡ್ ಖರ್ಚಿನಲ್ಲಿ ಅಂಥ ಹೊರೆಯೇನಲ್ಲ. 8 × 4ರ ಹಾಳೆಯಿಂದ 5 × 3 ಕತ್ತರಿಸಿದರೆ ಉಳಿದ 3 × 4ರ ತುಂಡು ಪ್ಯಾಂಟ್ರಿಯ ಷೆಲ್ಫಿಗೆ ಹೋಗುತ್ತದೆ. ಮುಂಚೆಯೇ ಹೇಳಿದರೆ ಬಡಗಿ ಹಾಗೇ ಕತ್ತರಿಸಿ ಕೊಡುತ್ತಾನೆ.

ಕಾಲುಗಳದ್ದು ಇನ್ನೊಂದು ವಿಷಯ. ಈ ಟೇಬಲ್ಲಿಗೆ ನಾಲ್ಕು ಮೂಲೆಗೆ ನಾಲ್ಕು ಚೌಕ ಪೈಪು. ಎರಡು ಟೇಬಲ್ ಜೋಡಿಸಿ ಹತ್ತಡಿ ಮಾಡಿದ ಕೂಡಲೇ ನಡುವೆ ಜೋಡಿ ಕಾಲು ಬಂದು, ಅಲ್ಲಿ ಕೂತವರ ಮೊಣಕಾಲಿಗೆ ಹೊಡೆಯುತ್ತದೆ. ಸೇರಿ ಉಣ್ಣುವ ಜಾಗಕ್ಕೆ ಟಿ ಆಕಾರದ, ಅಂಚಿನಿಂದ ಹತ್ತಿಪ್ಪತ್ತು ಇಂಚು ಒಳಗಿರುವ ಕಾಲು ಬೇಕು. ಸ್ಟೀಲ್ ಫ್ಯಾಬ್ರಿಕೇಷನ್ ಮಾಡುವವರಿಗೆ 2 × 2 ಇಂಚಿನ ಚೌಕ ಪೈಪಿನಲ್ಲಿ ಇದು ಸಲೀಸಾದ ಕೆಲಸ. ಕಾಲಿನ ತುದಿಗೆ ತಿರುಗಿಸಿ ಎತ್ತರ ಹೊಂದಿಸುವ ಲೆವೆಲರ್ ಬೋಲ್ಟ್ ಇರಲೇಬೇಕು.

ಯಾಕೆಂದರೆ ನೆಲ ಶಹಾಬಾದ ಫರಸಿ. ಈ ಭಾಗದಲ್ಲಿ ಅದನ್ನು ಮೀರಿಸಿದ ನೆಲ ಇಲ್ಲ ಅನ್ನುವುದರಲ್ಲಿ ಎರಡು ಮಾತಿಲ್ಲ. ಬ್ಯಾಸಿಗೆಯಲ್ಲಿ ತಂಪು, ಒರೆಸಿದರೆ ಸಾಕು, ಒಂದು ಹಲಗೆ ಒಡೆದರೆ ಅದನ್ನಷ್ಟೇ ತೆಗೆದು ಹಾಕಬಹುದು. ಆದರೆ ಹಲಗೆ ಹಲಗೆಗೂ ದಪ್ಪ ಸ್ವಲ್ಪ ಬೇರೆ, ಸಂದಿಯಲ್ಲಿ ಏರಿಳಿತ ಇದ್ದೇ ಇರುತ್ತದೆ. ಹಾಸಿದ ಮೇಲೆ ಮೆಷಿನ್ ಪಾಲಿಷ್ ಮಾಡಿಸಿದ್ದರೆ ಕಡಿಮೆ, ಇಲ್ಲದಿದ್ದರೆ ಟೇಬಲ್ ಅಲ್ಲಾಡುವುದು ಗ್ಯಾರಂಟಿ. ಮೀಟಿಂಗ್ ರೂಮಿನ ಕುರ್ಚಿಗೆ ಬಂದಿರುವುದು 50 ಮಿಮೀಯ ಗಟ್ಟಿ ನೈಲಾನ್ ಗಾಲಿ. ಅದು ಕಾರ್ಪೆಟ್ಟಿಗೆ ಮಾಡಿದ್ದು. ಫರಸಿಯ ಮೇಲೆ ಉರುಳುವಾಗ ಗಡಗಡ ಸದ್ದು, ಸಂದಿಗೆ ಸಿಕ್ಕರೆ ಜರ್ಕು. 60 ಮಿಮೀಯ ಮೆತ್ತನೆಯ ಪಿಯು (ಪಾಲಿಯುರೆಥೇನ್) ಗಾಲಿ ತರಿಸಿ ಹಾಕಬಹುದು. ಹೆಚ್ಚಿನ ಕುರ್ಚಿಗಳಲ್ಲಿ ಗಾಲಿಯ ಕಡ್ಡಿ 11 ಮಿಮೀ, ಹಳೆಯದನ್ನು ಕೈಯಿಂದ ಎಳೆದು ಹೊಸದನ್ನು ಒತ್ತಿದರೆ ಮುಗಿಯಿತು. ಆದರೂ ಒಂದು ಗಾಲಿ ಕಿತ್ತು ಅಳೆದು ನೋಡಿಯೇ ಆರ್ಡರ್ ಮಾಡಿ. ಊಟದ ಕುರ್ಚಿಗೆ ಬರುವ ಫೆಲ್ಟ್ ಸ್ಟಿಕ್ಕರು ಎರಡು ಸಲ ನೆಲ ಒರೆಸಿದರೆ ಬಿದ್ದುಹೋಗುತ್ತದೆ. ಪೈಪಿನ ಒಳಗೆ ಹೊಡೆಯುವ ರಬ್ಬರ್ ಬುಷ್ ಉಳಿಯುತ್ತದೆ, ನೂರು ಬುಷ್ ಜಾಸ್ತಿ ತೆಗೆದಿಟ್ಟುಕೊಂಡರೆ ತಪ್ಪಿಲ್ಲ.

ನೆಲದ ಬಗ್ಗೆ ಇನ್ನೊಂದೇ ಮಾತು. ಫರಸಿ ಅಂದರೆ ಸುಣ್ಣದ ಕಲ್ಲು, ಹುಳಿಗೆ ಆಗಿಬರುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನೇ ಊಟದ ಹಾಲಿನ ನೆಲಕ್ಕೂ ಹಾಕಿದರೆ ಪಾಲಿಷ್ ಹೋಗಿ ಬಿಳಿ ಮಚ್ಚೆ ನಿಲ್ಲುತ್ತದೆ, ಮತ್ತೆ ಮೆಷಿನ್ ತಿರುಗಿಸದೆ ಅದು ಹೋಗುವುದಿಲ್ಲ. ಇದೇ ಕಾರಣಕ್ಕೆ ಪ್ಯಾಂಟ್ರಿ ಕಟ್ಟೆಯ ಮೇಲೆ ಫರಸಿ ಬೇಡ. ಲಿಂಬೆ, ಹುಣಸೆ, ಮೊಸರು ಚೆಲ್ಲುವ ಜಾಗ ಅದು. ಅಲ್ಲಿಗೆ ಕರಿ ಗ್ರಾನೈಟೇ ಸರಿ, ಪ್ಯಾಕೇಜಿನವರು ಹಾಕಿದ್ದೂ ಅದನ್ನೇ. ಇದಕ್ಕೆ ಅವರಿಗೆ ಪೂರ್ತಿ ಅಂಕ.

ಟೇಬಲ್ ಮೇಲ್ಭಾಗ 25 ಮಿಮೀ ಪ್ರೀ-ಲ್ಯಾಮಿನೇಟೆಡ್ ಪಾರ್ಟಿಕಲ್ ಬೋರ್ಡ್. ನೋಡಲು ದಪ್ಪ, ಕೈಯಿಟ್ಟರೆ ಗಟ್ಟಿ. ಅಂಚಿನ ಪಟ್ಟಿ ಮಾತ್ರ 0.8 ಮಿಮೀ. ಊಟವಾದ ಮೇಲೆ ಒದ್ದೆ ಬಟ್ಟೆಯಿಂದ ದಿನಕ್ಕೆ ಎರಡು ಮೂರು ಸಲ ಒರೆಸುವ ಟೇಬಲ್ಲಿಗೆ ಇದು ಸಾಲದು. ನೀರು ಪಟ್ಟಿಯ ಸಂದಿಯಿಂದ ಒಳಗೆ ಇಳಿದರೆ ಮರದ ಪುಡಿ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಮೊದಲು ಹೋಗುವುದು ಮೂಲೆ. ಆಫೀಸಿನ ಡೆಸ್ಕಿಗೆ ಈ ಬೋರ್ಡು ಧಾರಾಳ ಸಾಕು. ಊಟದ ಟೇಬಲ್ಲಿಗೆ ಐಎಸ್ 303ರ ಬಿಡಬ್ಲ್ಯುಆರ್ (ನೀರು ತಡೆಯುವ) ದರ್ಜೆಯ 18 ಅಥವಾ 19 ಮಿಮೀ ಪ್ಲೈ, ಮೇಲೆ 1 ಮಿಮೀ ಲ್ಯಾಮಿನೇಟ್, ಕೆಳಗೂ ತೆಳು ಲ್ಯಾಮಿನೇಟ್, ಅಂಚಿಗೆ 2 ಮಿಮೀ ಪಿವಿಸಿ ಪಟ್ಟಿ. ಕೆಳಗಿನ ಲ್ಯಾಮಿನೇಟ್ ಬಿಟ್ಟರೆ ಎರಡು ಮುಖದ ಎಳೆತ ಸಮನಾಗದೆ ಹಲಗೆ ದೋಣಿಯಂತೆ ಬಾಗುತ್ತದೆ, ಕಲಬುರಗಿಯ ಏಪ್ರಿಲ್-ಮೇ ಒಣ ಗಾಳಿಯಲ್ಲಿ ಇದು ಬೇಗ ಕಾಣುತ್ತದೆ. ಕೊಟೇಷನ್ನಿನಲ್ಲಿ ‘ಪ್ಲೈ ಟಾಪ್’ ಎಂದಷ್ಟೇ ಇದ್ದರೆ ಒಪ್ಪಬೇಡಿ. ವೈರು ಹೊರಬರುವ ರಂಧ್ರದ ಪ್ಲಾಸ್ಟಿಕ್ ಮುಚ್ಚಳ ಎತ್ತಿ ನೋಡಿದರೆ ಒಳಗಿನದು ಪದರವೋ ಪುಡಿಯೋ ಗೊತ್ತಾಗುತ್ತದೆ. ಬಣ್ಣದ ವಿಷಯದಲ್ಲಿ, ಬಿಳಿ ಮ್ಯಾಟ್ ಲ್ಯಾಮಿನೇಟಿನ ಮೇಲೆ ಅರಿಷಿಣ ಮತ್ತು ಎಣ್ಣೆಗಾಯಿಯ ಕೆಂಪೆಣ್ಣೆ ಕಲೆಯಾಗಿ ಕೂರುತ್ತದೆ. ಗೆರೆಗೆರೆಯ ಟೆಕ್ಸ್ಚರ್ ಇದ್ದರೆ ಹಿಂಡಿಯ ಪುಡಿ ಗೆರೆಯೊಳಗೆ ಸೇರಿಕೊಳ್ಳುತ್ತದೆ. ನಡುಬಣ್ಣದ, ನಯವಾದ ಸ್ವೀಡ್ ಫಿನಿಷ್ ತಗೊಳ್ಳಿ.

ಬಾರ್ ಕೌಂಟರ್ ಇಡೀ ಪ್ಯಾಕೇಜಿನ ಅತ್ಯಂತ ದಂಡ ಖರ್ಚು. ಕೌಂಟರ್ ಎತ್ತರ 36 ಇಂಚು, ಸ್ಟೂಲಿನ ಸೀಟು 30 ಇಂಚು. ತೊಡೆಗೆ ಜಾಗ 10ರಿಂದ 12 ಇಂಚು ಬೇಕಾದಲ್ಲಿ ಸಿಕ್ಕಿದ್ದು 6, ಅದರಲ್ಲೂ ಹಲಗೆಯ ದಪ್ಪ ಕಳೆಯಬೇಕು. 30 ಇಂಚಿನ ಸ್ಟೂಲಿಗೆ 42 ಇಂಚಿನ ಕೌಂಟರ್, 36 ಇಂಚಿನ ಕೌಂಟರಿಗೆ 24ರಿಂದ 26 ಇಂಚಿನ ಸ್ಟೂಲ್. ಈ ಜೋಡಿ ತಪ್ಪುವುದು ಎಲ್ಲ ಕಡೆ ಸಾಮಾನ್ಯ, ಯಾಕೆಂದರೆ ಕೌಂಟರನ್ನು ಮಾಡುವವನು ಬಡಗಿ, ಸ್ಟೂಲು ಬರುವುದು ಹೊರಗಿನ ಸರಕಿನಿಂದ, ಒಬ್ಬರ ಅಳತೆ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಅಳತೆ ಸರಿಯಿದ್ದರೂ ಸೀರೆ ಉಟ್ಟವರು 30 ಇಂಚು ಹತ್ತಿ ಕೂರುವುದು ಕಷ್ಟ, ವಯಸ್ಸಾದವರಿಗೂ ಅಷ್ಟೇ. ಈಗ ಆ ಕೌಂಟರ್ ಡಬ್ಬಿ ಚೀಲ ಇಡುವ ಮಾಡವಾಗಿದೆ.

ಅದು ಸಹಜವೇ, ಯಾಕೆಂದರೆ ಚೀಲಕ್ಕೆ ಬೇರೆ ಜಾಗವನ್ನೇ ಕೊಟ್ಟಿಲ್ಲ. ನಲವತ್ತು ಊಟದ ಚೀಲ, ಒಂದಕ್ಕೆ 8 ಇಂಚು ಹಿಡಿದರೆ 320 ಇಂಚು, ಅಂದರೆ ಸುಮಾರು 27 ಅಡಿ. ಬಾಗಿಲ ಪಕ್ಕ 7 ಅಡಿ ಉದ್ದದ ನಾಲ್ಕು ಹಲಗೆಯ ತೆರೆದ ಷೆಲ್ಫ್, ಹಲಗೆಗಳ ನಡುವೆ 14 ಇಂಚು, ಆಳ 12 ಇಂಚು. ಇಷ್ಟಕ್ಕೆ ಬಾಗಿಲು, ಲಾಕು ಏನೂ ಬೇಡ. ಗಾಳಿಯಾಡದಿದ್ದರೆ ಮಧ್ಯಾಹ್ನದೊಳಗೆ ಪಲ್ಯ ಹಳಸಿದ ವಾಸನೆ ಬರುತ್ತದೆ.

ಬಾರ್ ಕೌಂಟರಿನ ಜಾಗದಲ್ಲಿ, ಅದೇ ಕಿಟಕಿಯ ಗೋಡೆಗೆ, ಒಂದು ಕಟ್ಟೆ ಕಟ್ಟಿಸುವುದು ನಮ್ಮ ಸಲಹೆ. ಇಟ್ಟಿಗೆಯ ಕಟ್ಟೆ, 17–18 ಇಂಚು ಎತ್ತರ, 26–28 ಇಂಚು ಆಳ, ಮೇಲೆ ಅಂಚು ದುಂಡಗೆ ಮಾಡಿದ ಒಂದೂವರೆ ಇಂಚಿನ ಫರಸಿ, ಅಂಚು ಕಟ್ಟೆಯಿಂದ ಒಂದಿಂಚು ಹೊರಗೆ. ಆಳ ಇಷ್ಟಿದ್ದರೆ ಕಾಲು ಇಳಿಬಿಟ್ಟೂ ಕೂರಬಹುದು, ಚಕ್ಕಳಮಕ್ಕಳ ಹಾಕಿಯೂ ಕೂರಬಹುದು. ಬೆನ್ನಿಗೆ ಗೋಡೆ ತಣ್ಣಗೆ ಹತ್ತುತ್ತದೆ ಅನ್ನಿಸಿದರೆ 2 ಇಂಚು ದಪ್ಪದ ಹತ್ತಿಯ ಒರಗು ದಿಂಬು ಸಾಕು. ಇಲ್ಲಿಯಂತೆ ಮೇಲ್ಮಹಡಿಯಾದರೆ ಒಂದು ಎಚ್ಚರ: ಇಟ್ಟಿಗೆ ತುಂಬಿದ ಕಟ್ಟೆ ಭಾರ, ಎಂಜಿನಿಯರಿಗೆ ತೋರಿಸದೆ ಸ್ಲ್ಯಾಬಿನ ನಡುವೆ ಕಟ್ಟಬಾರದು. ಒಳಗೆ ಟೊಳ್ಳು ಬಿಟ್ಟು, ಕೆಳಗೆ ಕಬ್ಬಿಣದ ಆ್ಯಂಗಲ್ ಚೌಕಟ್ಟು ಹಾಕಿ ಮೇಲೆ ಮಾತ್ರ ಕಲ್ಲು ಹಾಕಿದರೆ ಭಾರ ಬಹಳ ಇಳಿಯುತ್ತದೆ.

ಸೋಫಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೆಕ್ಸಿನ್ ಹೊದಿಕೆ ಈ ಊರಿನ ಸೆಕೆಗೆ ಬೆನ್ನಿಗೆ ಅಂಟುತ್ತದೆ, ಅಗ್ಗದ್ದಾದರೆ ಕೆಲವೇ ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಬಟ್ಟೆ ಹೊದಿಕೆ, ಜಿಪ್ ಇರುವುದು, ಬಿಚ್ಚಿ ಒಗೆಯುವಂತಿರಲಿ. ಫೋಮ್ ಸೀಟಿಗೆ 40 ಡೆನ್ಸಿಟಿ, ಬೆನ್ನಿಗೆ 32. ಇಲ್ಲಿ ಎರಡಕ್ಕೂ 32 ಹಾಕಿದ್ದಾರೆ, ಸೀಟು ಆಗಲೇ ತಗ್ಗು ಬಿದ್ದಿದೆ.

ಈಗ ಪ್ಯಾಂಟ್ರಿ. ಮರಗೆಲಸ ನಿಜಕ್ಕೂ ಚೊಕ್ಕ: ಡ್ರಾಯರ್ ಸರಾಗ, ಬಾಗಿಲುಗಳ ಸಂದಿ ಎಲ್ಲ ಕಡೆ ಒಂದೇ ಅಗಲ, ಸಿಂಕಿನ ಕೆಳಗಿನ ಪೆಟ್ಟಿಗೆಗೆ ಐಎಸ್ 710ರ (ಮರೀನ್ ದರ್ಜೆಯ) ಪ್ಲೈ, ನೆಲದಿಂದ 4 ಇಂಚು ಎತ್ತರಿಸಿದ ಪಿವಿಸಿ ಕಾಲು. ಎರೆಮಣ್ಣಿನ ಊರಿನಲ್ಲಿ ಗೆದ್ದಲು ಹೊಸದಲ್ಲ, ಪ್ಲೈ ನೆಲಕ್ಕೆ ತಾಗದಿರುವುದೇ ಮೊದಲ ಕಾವಲು. ಆದರೆ ಕಾಲು ಮುಚ್ಚುವ ಪಟ್ಟಿಯನ್ನು ಸಿಲಿಕೋನ್ ಹಾಕಿ ಅಂಟಿಸಿಬಿಟ್ಟಿದ್ದಾರೆ. ಅದು ಕ್ಲಿಪ್ಪಿನಿಂದ ಬಿಚ್ಚುವಂತಿರಬೇಕು, ಇಲ್ಲದಿದ್ದರೆ ಕೆಳಗೆ ಗೆದ್ದಲ ಸಾಲು ಬಂದರೂ ಕಾಣುವುದಿಲ್ಲ, ರೊಟ್ಟಿ ಚೂರಿಗೆ ಇಲಿ ಬಂದರೂ ಕಾಣುವುದಿಲ್ಲ.

ಕರೆಂಟಿನ ಕೆಲಸ ಅಪಾಯದ್ದು. ಕೆಟಲ್ 1,500 ವ್ಯಾಟ್, ಮೈಕ್ರೋವೇವ್ ಸುಮಾರು 1,400, ಇಂಡಕ್ಷನ್ ಒಲೆ 2,000. ಮೂರೂ ಸೇರಿ 4,900 ವ್ಯಾಟ್. 230 ವೋಲ್ಟಿಗೆ 16 ಆಂಪಿಯರ್ ಲೈನ್ ಹೊರುವುದು 3,680. ಇಲ್ಲಿ ಮೂರು ಸಾಕೆಟ್ಟೂ ಒಂದೇ ಲೈನಿನ ಮೇಲಿವೆ. 21 ಆಂಪಿಯರ್ ಎಳೆದ ಕೂಡಲೇ ಎಂಸಿಬಿ (ಲೋಡ್ ಮೀರಿದರೆ ಲೈನ್ ಕಡಿಯುವ ಸ್ವಿಚ್ಚು) ಬೀಳುತ್ತದೆ ಅಂತ ನಂಬಿಕೂರಬೇಡಿ. ಇಷ್ಟು ಸಣ್ಣ ಮಿತಿಮೀರುವಿಕೆಗೆ ಅದು ಬಹಳ ಹೊತ್ತು ತಡೆದುಕೊಳ್ಳುತ್ತದೆ, ಅಷ್ಟರಲ್ಲಿ ಸಾಕೆಟ್ಟಿನ ಸ್ಕ್ರೂ ಸಡಿಲವಿದ್ದರೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ. ಇಂಡಕ್ಷನ್ನಿಗೆ ಒಂದು, ಕೆಟಲ್ಲಿಗೆ ಒಂದು, ಮೈಕ್ರೋವೇವ್ ಮತ್ತು ಫ್ರಿಜ್ಜಿಗೆ ಒಂದು, ಹೀಗೆ ಮೂರು ಬೇರೆ ಲೈನ್ ಎಳೆಯಿರಿ, ಪ್ರತಿಯೊಂದಕ್ಕೂ 2.5 ಚದರ ಮಿಮೀ ತಾಮ್ರದ ವೈರು, ಎಲ್ಲಕ್ಕೂ ಸೇರಿ, ಕರೆಂಟು ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ನೀರು ಹತ್ತಿರವಿರುವ ಜಾಗದಲ್ಲಿ ಆರ್‌ಸಿಸಿಬಿ ಇಲ್ಲದೆ ಬಿಲ್ಲಿಗೆ ಸಹಿ ಹಾಕಬಾರದು. ಲೈಟು ಬಿಟ್ಟು ಉಳಿದದ್ದನ್ನು ಇನ್ವರ್ಟರಿನಿಂದ ದೂರ ಇಡಿ. ಎಸಿಯನ್ನೂ ಸೇರಿಸುವುದಾದರೆ ಜೆಸ್ಕಾಂನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅಂತ ಹಳೆಯ ಬಿಲ್ಲಿನಲ್ಲಿ ಮೊದಲೇ ನೋಡಿಕೊಳ್ಳಿ.

ಕೈತೊಳೆಯುವ ಜಾಗವಂತೂ ಮರೆತೇಹೋಗಿದೆ. ನಲವತ್ತು ಜನರಲ್ಲಿ ಒಂದು ಸಲಕ್ಕೆ ಕೂತು ಕೈಯಿಂದ ಉಣ್ಣುವ ಇಪ್ಪತ್ತನಾಲ್ಕು ಜನ ಒಟ್ಟಿಗೆ ಏಳುತ್ತಾರೆ, ಇರುವುದು ಪ್ಯಾಂಟ್ರಿಯ ಒಂದು ಸಿಂಕು. ಒಬ್ಬರಿಗೆ ಅರ್ಧ ನಿಮಿಷವೆಂದರೂ ಕೊನೆಯವರ ಸರದಿ ಹನ್ನೆರಡನೆಯ ನಿಮಿಷಕ್ಕೆ. ಮೂರು ನಲ್ಲಿಯಿದ್ದರೆ ನಾಲ್ಕು ನಿಮಿಷದ ಕೆಲಸ. ಹಾಲಿನ ಹೊರಗೆ, ಪ್ಯಾಸೇಜಿನಲ್ಲಿ, 5 ಅಡಿ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿ, 20 ಇಂಚಿಗೊಂದು ನಲ್ಲಿ, ಅಂಚಿನ ಎತ್ತರ 32 ಇಂಚು, ಎದುರಿಗೆ ಕನ್ನಡಿ. ಬಾಯಿ ಮುಕ್ಕಳಿಸುವವರೂ ಇಲ್ಲಿಗೇ ಬರುತ್ತಾರೆ, ಆದ್ದರಿಂದ ಪಾತ್ರೆ ತೊಳೆಯುವ ಸಿಂಕಿನಿಂದ ಇದು ಬೇರೆಯೇ ಇರಬೇಕು. ಹೊರಹೋಗುವ ಪೈಪು 2 ಇಂಚಿನದಾಗಿ ಮೀಟರಿಗೆ 25 ಮಿಮೀ ಇಳಿಜಾರು ಸಿಗಬೇಕು. ಅನ್ನದ ಅಗುಳು ತಡೆಯುವ ಜಾಲಿ ಬುಟ್ಟಿ ಎತ್ತಿ ತೆಗೆಯುವಂತಿರಲಿ. ಬೋರ್‌ವೆಲ್ಲಿನ ಗಡಸು ನೀರಾದರೆ ಬಹಳ ಹೊಳೆಯುವ ಕ್ರೋಮ್ ನಲ್ಲಿ ಬೇಡ, ಬಿಳಿ ಉಪ್ಪು ಕಟ್ಟಿ ಬೇಗ ಮುಖ ಕೆಡುತ್ತದೆ. ನಲ್ಲಿಯ ತುದಿಯ ಜಾಲರಿ ತಿರುಗಿಸಿ ಬಿಚ್ಚಿ ವಿನಿಗರಿನಲ್ಲಿ ನೆನೆಸುವಂತಿದ್ದರೆ ಸಾಕು. ಇವೆಲ್ಲ ಗೋಡೆ ಕೊರೆಯುವ ಕೆಲಸ. ಫರ್ನಿಚರ್ ಬಂದ ಮೇಲೆ ಮಾಡಿಸಿದರೆ ಎರಡು ಪಟ್ಟು ಖರ್ಚು, ಸೋಫಾ ಮೇಲೆ ಸಿಮೆಂಟ್ ಧೂಳು.

ಸದ್ದಿನ ಮಾತಿಗೆ ಬಂದರೆ, ಈ ಹಾಲಿನಲ್ಲಿ ಹತ್ತು ಜನ ಮಾತಾಡಿದರೆ ಮದುವೆ ಮನೆ. ಫರಸಿ ನೆಲ, ಗಿಲಾವು ಗೋಡೆ, ಪಿಒಪಿ ಸೀಲಿಂಗ್, ಗಾಜಿನ ಪಾರ್ಟಿಷನ್: ಸದ್ದು ಹೀರುವ ಮೈ ಒಂದೂ ಇಲ್ಲ. ಲೆಕ್ಕ ಕಷ್ಟವಿಲ್ಲ. ಕೋಣೆಯ ಗಾತ್ರ ಸುಮಾರು 136 ಘನ ಮೀಟರ್, ಒಳಮೈ ಎಲ್ಲ ಕೂಡಿ 171 ಚದರ ಮೀಟರ್. ಇಂಥ ಗಟ್ಟಿ ಮೈ ನೂರಕ್ಕೆ ನಾಲ್ಕರಷ್ಟು ಸದ್ದು ಹೀರುತ್ತದೆ ಅಂತ ಹಿಡಿದರೆ ಒಟ್ಟು ಹೀರಿಕೆ 7 ಚದರ ಮೀಟರಿಗಿಂತ ಕಡಿಮೆ. ಸಬೀನ್ ಸೂತ್ರದಲ್ಲಿ 0.161 × 136 ÷ 6.8, ಅಂದರೆ ಖಾಲಿ ಕೋಣೆಯಲ್ಲಿ ಸದ್ದು ಅಡಗಲು 3 ಸೆಕೆಂಡಿಗಿಂತ ಜಾಸ್ತಿ. ಜನ, ಸೋಫಾ ಬಂದರೆ ಇಳಿಯುತ್ತದೆ, ಆದರೂ ಊಟದ ಹಾಲಿಗೆ ಬೇಕಾದ ಮುಕ್ಕಾಲು ಸೆಕೆಂಡಿನ ಹತ್ತಿರಕ್ಕೂ ಬರುವುದಿಲ್ಲ. ಪಿಒಪಿಯ ಬದಲು 2 × 2 ಅಡಿಯ, ಎನ್‌ಆರ್‌ಸಿ (ಸದ್ದು ಹೀರುವ ಪ್ರಮಾಣ) 0.6 ಇರುವ ಮಿನರಲ್ ಫೈಬರ್ ಟೈಲಿನ ಸೀಲಿಂಗ್ ಹಾಕಿದ್ದರೆ ಅದೊಂದೇ 27 ಚದರ ಮೀಟರಿನಷ್ಟು ಹೀರಿಕೆ ಕೊಡುತ್ತಿತ್ತು, ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಗೋಡೆಗೆ ಬಣ್ಣದ ಪಿಇಟಿ (ಪ್ಲಾಸ್ಟಿಕ್ ನಾರಿನ) ಪ್ಯಾನೆಲ್ ಅಂಟಿಸಿಕೊಡುತ್ತೇವೆ ಅಂತ ಈಗ ಹೇಳುತ್ತಿದ್ದಾರೆ. 9 ಮಿಮೀ ಹಾಳೆಯನ್ನು ಗೋಡೆಗೆ ನೇರ ಅಂಟಿಸಿದರೆ ಮಾತಿನ ಸದ್ದಿಗೆ ಅಷ್ಟೇನೂ ಉಪಯೋಗವಿಲ್ಲ. ಹಿಂದೆ 50 ಮಿಮೀ ಪಟ್ಟಿ ಹೊಡೆದು ಗಾಳಿ ಸಂದಿ ಬಿಟ್ಟರೆ ಅದೇ ಹಾಳೆ ಎಷ್ಟೋ ಮೇಲು, ಆ ಸಂದಿಗೆ ರಾಕ್‌ವೂಲ್ (ಕಲ್ಲಿನ ನಾರು) ತುಂಬಿದರೆ ಇನ್ನೂ ಮೇಲು.

ಮಿನರಲ್ ಫೈಬರ್ ಟೈಲಿಗೂ ಒಂದು ಕೊರತೆಯಿದೆ, ಅದು ತಂಪಿನ ವ್ಯವಸ್ಥೆಗೆ ತಗುಲಿಕೊಂಡಿದೆ. ಏಪ್ರಿಲ್-ಮೇನಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ವಿಭಾಗ ಇದು. ಆ ಒಣ ಬಿಸಿಲಿಗೆ ಡೆಸರ್ಟ್ ಕೂಲರ್ ಚೆನ್ನಾಗಿ ನಡೆಯುತ್ತದೆ, ಎದುರು ಗೋಡೆಯ ಕಿಟಕಿ ತೆರೆದಿದ್ದರೆ ಮಾತ್ರ. ಗಾಳಿ ಹೊರಹೋಗಲು ದಾರಿಯಿಲ್ಲದ ಕೋಣೆಯಲ್ಲಿ ಕೂಲರ್ ಹಚ್ಚಿದರೆ ಒಂದು ತಾಸಿನಲ್ಲಿ ಮೈ ಜಿಗಿಜಿಗಿ, ಅಗ್ಗದ ಟೈಲುಗಳು ತೇವ ಕುಡಿದು ನಡುವೆ ಜೋತುಬೀಳುತ್ತವೆ. ಕೂಲರ್ ಇಡುವುದಾದರೆ 95 ಅಥವಾ 99 ಆರ್‌ಎಚ್ (ಗಾಳಿಯ ತೇವದ ಶೇಕಡಾವಾರು) ತಡೆಯುವ ಟೈಲ್ ಅಂತ ಕೊಟೇಷನ್ನಿನಲ್ಲೇ ಬರೆಸಿ. ಮಳೆಗಾಲ ಹಿಡಿದ ಮೇಲೆ ಕೂಲರಿನಿಂದ ಪ್ರಯೋಜನವಿಲ್ಲ, ಫ್ಯಾನೇ ಗತಿ. ಫಾಲ್ಸ್ ಸೀಲಿಂಗ್ ಮಾಡುವ ಮುಂಚೆ ಫ್ಯಾನಿನ ಕೊಕ್ಕೆಗೆ ಉದ್ದ ರಾಡು ಹಾಕಿಸಿಕೊಳ್ಳಿ; ಟೈಲಿನ ಚೌಕಟ್ಟಿಗೆ ಫ್ಯಾನು ನೇತುಹಾಕುವ ಸಾಹಸ ಬೇಡ. ಎಸಿಯೇ ಬೇಕೆಂದರೆ ಈ ಹಾಲಿಗೆ 120 ಚದರ ಅಡಿಗೆ ಒಂದು ಟನ್ನಿನಂತೆ ಒಟ್ಟು 4 ಟನ್. ಅದರಲ್ಲಿ ಇಪ್ಪತ್ತನಾಲ್ಕು ಜನರ ಮೈಬಿಸಿಯೇ ತಲೆಗೆ 120 ವ್ಯಾಟಿನಂತೆ ಮುಕ್ಕಾಲು ಟನ್ನಿಗೂ ಮೇಲೆ. ಪ್ಯಾಕೇಜಿನಲ್ಲಿ ಒಂದೂವರೆ ಟನ್ನಿನದೊಂದನ್ನು ‘ಸಾಕಾಗುತ್ತೆ ಸರ್’ ಅಂತ ಹಾಕಿದ್ದಾರೆ. ಎಸಿ ಹೆಚ್ಚಿಸುವ ಮೊದಲು ತಾರಸಿಗೆ ಬಿಳಿ ಕೂಲ್-ರೂಫ್ ಪೇಂಟ್ ಹೊಡೆಸಿ, ಬಿಸಿಲು ಹೊಡೆಯುವ ಸ್ಲ್ಯಾಬಿಗೆ ಅದಕ್ಕಿಂತ ಅಗ್ಗದ ಉಪಾಯವಿಲ್ಲ.

ಮೀಟಿಂಗ್ ರೂಮಿಗೆ ಮೂರು ಅಂಕ ಕೊಟ್ಟದ್ದು ಅಳತೆಗೆ. 15 × 12ರಲ್ಲಿ 8 × 4ರ ಟೇಬಲ್ ಇಟ್ಟರೆ ಉದ್ದದ ಕಡೆ ಮೂರೂವರೆ ಅಡಿ, ಅಗಲದ ಕಡೆ 4 ಅಡಿ ಉಳಿಯುತ್ತದೆ. ಕುರ್ಚಿ ಹಿಂದೆ ಸರಿಸಿದ ಮೇಲೂ ಹಿಂದಿನಿಂದ ಒಬ್ಬರು ಹಾಯಬಹುದು. ಟಿವಿಯ ಗಾತ್ರವೂ ಸರಿ: 55 ಇಂಚಿನ ಪರದೆಯ ಎತ್ತರ 27 ಇಂಚು, ಅದರ ಆರು ಪಟ್ಟು ಅಂದರೆ ಹದಿಮೂರೂವರೆ ಅಡಿಯವರೆಗೆ ಎಕ್ಸೆಲ್ ಅಂಕಿ ಓದಬಹುದು, ಕೊನೆಯ ಕುರ್ಚಿ ಅದರೊಳಗೇ ಇದೆ. ಆದರೆ ಮನೆಯ ಹಾಲಿನಂತೆ ಎತ್ತರಕ್ಕೆ ಏರಿಸಿದ್ದಾರೆ. ಪರದೆಯ ನಡು ನೆಲದಿಂದ 48–50 ಇಂಚಿಗೆ ಬರಬೇಕು, ಕೂತವರ ಕಣ್ಣಿನ ಮಟ್ಟಕ್ಕೆ ಹತ್ತಿರ ಅದು. ಗಾಜಿನ ಬೋರ್ಡ್ ಪಡುವಣ ಕಿಟಕಿಗೆ ಎದುರು. ಮಧ್ಯಾಹ್ನ ಮೂರರ ಮೇಲೆ ಬರೆದದ್ದಕ್ಕಿಂತ ಕಿಟಕಿಯೇ ಚೆನ್ನಾಗಿ ಕಾಣುತ್ತದೆ. ಸೆರಾಮಿಕ್ ಸ್ಟೀಲ್ ಬೋರ್ಡ್ ಹೊಳಪು ಕಡಿಮೆ, ಸಾದಾ ಮ್ಯಾಗ್ನೆಟ್ಟೂ ಹಿಡಿಯುತ್ತದೆ. ಅಗ್ಗದ ಮೆಲಮೈನ್ ಬೋರ್ಡಿಗೆ ಮಾತ್ರ ಹೋಗಬೇಡಿ, ಒಂದು ವರ್ಷದಲ್ಲಿ ಹಳೆಯ ಬರಹದ ನೆರಳು ನಿಲ್ಲುತ್ತದೆ.

ದೊಡ್ಡ ತಪ್ಪು ಪಾರ್ಟಿಷನ್ನಿನದು. ಗಾಜು ಫಾಲ್ಸ್ ಸೀಲಿಂಗ್‌ವರೆಗೆ ಬಂದು ನಿಂತಿದೆ, ಅದರ ಮೇಲಿನಿಂದ ಸ್ಲ್ಯಾಬಿನವರೆಗೆ ಖಾಲಿ. ಒಳಗೆ ಸಂಬಳದ ಮಾತಾಡಿದರೆ ಆ ಸಂದಿಯಿಂದ ಹಾರಿ ಊಟದ ಹಾಲಿಗೆ ಇಳಿಯುತ್ತದೆ. ಗಾಜು 12 ಮಿಮೀ ದಪ್ಪವಿದ್ದೂ ಲಾಭವಿಲ್ಲ. ಸರಿಪಡಿಸಲು, ಟೈಲಿನ ಸೀಲಿಂಗಾಗಿದ್ದರೆ ಎರಡು ಸಾಲು ಟೈಲು ಬಿಚ್ಚಿ, ಗಾಜಿನ ನೇರಕ್ಕೆ ಸ್ಲ್ಯಾಬಿನವರೆಗೆ ಎರಡೂ ಕಡೆ ಜಿಪ್ಸಮ್ ಬೋರ್ಡ್, ನಡುವೆ 50 ಮಿಮೀ ರಾಕ್‌ವೂಲ್ ಹಾಕಿ ಅಂಚಿಗೆ ಸೀಲಂಟ್ ಹಚ್ಚಬೇಕು. ಇಲ್ಲಿ ಪಿಒಪಿಯಾದ್ದರಿಂದ ಒಡೆಯದೆ ಗತಿಯಿಲ್ಲ. ಬಾಗಿಲ ಕೆಳಗಿನ 10 ಮಿಮೀ ಸಂದಿಗೆ ಬಾಗಿಲು ಮುಚ್ಚಿದಾಗ ಕೆಳಗಿಳಿಯುವ ಡ್ರಾಪ್ ಸೀಲ್ ಸಿಗುತ್ತದೆ. ಟೇಬಲ್ಲಿನ ಪಾಪ್-ಅಪ್ ಡಬ್ಬಿಗೆ ನೆಲದೊಳಗಿಂದ ಪೈಪು ಇಲ್ಲ. ವೈರು ಫರಸಿಯ ಮೇಲೇ ಪ್ಲಾಸ್ಟಿಕ್ ಪಟ್ಟಿಯೊಳಗೆ ಓಡಿದೆ, ಎಡವುವುದಕ್ಕೆ ಸರಿಯಾದ ಜಾಗದಲ್ಲಿ. ಕಲ್ಲು ಹಾಸುವ ಮೊದಲೇ ಕರೆಂಟಿಗೊಂದು, ಎಚ್‌ಡಿಎಂಐ-ಲ್ಯಾನಿಗೊಂದು, ಎರಡು ಬೇರೆ ಪೈಪು ಹಾಕಿಸಿದ್ದರೆ ಮುಗಿದುಹೋಗುತ್ತಿತ್ತು.

ಗೋಡೆಯ ಸ್ಟಿಕ್ಕರ್ ಕಿತ್ತು ಅಲ್ಲಿ ಏನಾದರೂ ಹಾಕಬೇಕೆಂದರೆ ಬೀದರ್ ದೂರವೇನಲ್ಲ. ಬಿದರಿಯ ಕಪ್ಪು-ಬೆಳ್ಳಿ ತಟ್ಟೆ ಒಂದು, ಹಿಂದೆ ತಿಳಿ ಬಣ್ಣದ ಗೋಡೆ, ಮೇಲಿಂದ 3000 ಕೆಲ್ವಿನ್ನಿನ ಸಣ್ಣ ದೀಪ, ಅಷ್ಟು ಸಾಕು. ವಿನಿಗರ್, ಲಿಂಬೆ ಹಾಕಿ ತಿಕ್ಕಬೇಡಿ ಅಂತ ಮಾತ್ರ ಸ್ವಚ್ಛತೆಯವರಿಗೆ ಹೇಳಿಡಿ. ಬಿದರಿಯ ಹಾಗೆ ಕಾಣುವ ಪ್ಲಾಸ್ಟಿಕ್ ಫ್ರೇಮು ಯಾರಿಗೂ ಬೇಡ.

ಕೊಟೇಷನ್ ಓದುವಾಗ ಎರಡು ಮೂರು ಕಡೆ ಬೆರಳಿಡಿ. ಕಪಾಟಿನ ದರ ‘ಚದರ ಅಡಿಗೆ’ ಅಂದರೆ ಮುಂಭಾಗದ ಅಳತೆ ಮಾತ್ರ. 8 × 7ರ ಕಪಾಟು 56 ಚದರ ಅಡಿ ಬಿಲ್ಲಾಗುತ್ತದೆ, ಒಳಗೆ ಎರಡು ಹಲಗೆ ಇದೆಯೋ ಆರಿದೆಯೋ ಅದರಲ್ಲಿ ಕಾಣುವುದಿಲ್ಲ, ಹಿಂಬದಿಯ ಹಲಗೆ 6 ಮಿಮೀಯೋ 12 ಮಿಮೀಯೋ ಅದೂ ಕಾಣುವುದಿಲ್ಲ. ಎರಡನ್ನೂ ಬರೆಸಿಕೊಳ್ಳಿ. 18 ಶೇಕಡಾ ಜಿಎಸ್‌ಟಿ, ಹೈದರಾಬಾದಿನಿಂದ ಬರುವ ಸಾಮಾನಿನ ಲಾರಿ ಬಾಡಿಗೆ, ಮಹಡಿಗೆ ಹೊರುವ ಹಮಾಲಿ, ಮೂರೂ ಒಳಗೋ ಹೊರಗೋ ಕೇಳಿ. ಗಾಲಿ ಕುರ್ಚಿಗೆ ‘ಕ್ಲಾಸ್ 4 ಗ್ಯಾಸ್ ಲಿಫ್ಟ್’ (ಸೀಟು ಏರಿಳಿಸುವ ಸಿಲಿಂಡರಿನ ದರ್ಜೆ) ಅಂದದ್ದನ್ನು ಸಿಲಿಂಡರಿನ ಮೇಲಿನ ಅಕ್ಷರದಲ್ಲಿ ಓದಿ ನೋಡಿ, ಬಾಯಿಮಾತು ಬೇಡ. ಹಣದಲ್ಲಿ ನೂರಕ್ಕೆ ಹತ್ತನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತಿಗೆ ಷೋರೂಮಿನವರು ಮೊದಲು ಮುಖ ಸಿಂಡರಿಸುತ್ತಾರೆ, ಐದಕ್ಕೆ ಇಳಿಸಿದರೆ ಒಪ್ಪುತ್ತಾರೆ. ಬಾಗಿಲು ಉಬ್ಬುವುದು, ಅಂಚಿನ ಪಟ್ಟಿ ಏಳುವುದು ಎಲ್ಲ ಆಗಲೇ ಹೊರಬೀಳುವುದು.

ಮಾರಾಟದ ನಂತರದ ಸೇವೆಗೆ ಮೂರೂವರೆ. ಕರೆದ ಮೂರನೇ ದಿನಕ್ಕೆ ಹುಡುಗರು ಬಂದರು, ಹಿಂಜ್ ಬಿಗಿದರು, ಡ್ರಾಯರ್ ಸರಿಮಾಡಿದರು, ಕೆಲಸ ಶುಚಿ. ಟೇಬಲ್ ಮೂಲೆಯ ಪಟ್ಟಿ ಎದ್ದಿದ್ದಕ್ಕೆ ಅದೇ ಬಣ್ಣದ ಪಟ್ಟಿ ಸ್ಟಾಕಿನಲ್ಲಿಲ್ಲ ಅಂದರು. ಆರ್ಡರ್ ಕೊಡುವಾಗಲೇ ಆ ಬಣ್ಣದ 10 ಮೀಟರ್ ಪಟ್ಟಿ ಮತ್ತು ಒಂದು ಹಾಳೆ ಲ್ಯಾಮಿನೇಟ್ ಜಾಸ್ತಿ ತರಿಸಿ ಆಫೀಸಿನ ಸ್ಟೋರಿನಲ್ಲಿ ಇಟ್ಟುಕೊಳ್ಳಿ, ಹಾಳೆಯ ಹಿಂದೆ ಕಂಪನಿಯ ಷೇಡ್ ನಂಬರ್ ಮಾರ್ಕರಿನಲ್ಲಿ ಬರೆದು.